ವಿಠಲಣ್ಣನ ಮಾನಪತ್ರಕ್ಕೆ ಹನ್ನೊಂದು ಸಹಿ

ಕಳೆದ ತಿಂಗಳು ಸದಾನಂದ ನಮ್ಮ ಮುಲುಂಡಿನ ಮನೆಗೆ ಬಂದಾಗ ನಾನು ಕಪಾಟು ಖಾಲಿ ಮಾಡುತ್ತ ನೆಲದ ಮೇಲೆ ಕುಳಿತಿದ್ದೆ. ಹಳೆಯ ಸೀರೆಗಳ ಅಡಿಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಒಂದು ಶಾಲು ಸಿಕ್ಕಿತ್ತು. ಚೀಲ ಬಿಚ್ಚಿದ ಕೂಡಲೇ ಡಾಂಬರು ಗುಳಿಗೆಯ ಘಾಟು ಮೂಗಿಗೆ ಹೊಡೆಯಿತು. ಜರಿ ಅಂಚಿನ ಕೆಂಪು ಶಾಲು, ಅಂಗಡಿಯವನು ಹಾಕಿದ ಮಡಿಕೆಯ ಗೆರೆ ಹಾಗೆಯೇ ಇದೆ. ಕೊಟ್ಟ ದಿನ ಹೆಗಲ ಮೇಲಿದ್ದದ್ದೇ ಕೊನೆ, ಆಮೇಲೆ ಅದನ್ನು ನಾನು ಮುಟ್ಟಿರಲಿಲ್ಲ.

ಸದಾನಂದ ಕುರ್ಲಾದ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು. ಈಗ ಅವನ ತಲೆಯೂ ನೆರೆತಿದೆ, ಆದರೂ ನನ್ನೆದುರು ಕುರ್ಚಿಯ ಅಂಚಿನಲ್ಲೇ ಕೂರುತ್ತಾನೆ.

"ಟೀಚರ್, ವಿಠಲಣ್ಣ ಎಲೆಕ್ಷನಿನಲ್ಲಿ ಮತ್ತೆ ಗೆದ್ರಲ್ಲ. ಸನ್ಮಾನ ಇಟ್ಕೊಂಡಿದ್ದೇವೆ. ಮಾನಪತ್ರ ನೀವೇ ಬರೀಬೇಕು ಮಾರಾಯ್ರೆ. ನೀವು ಬರೆದ್ರೆ ಅದಕ್ಕೊಂದು ಗತ್ತು."

"ನಾನು ಬರೆಯುವುದಿಲ್ಲ ಸದಾನಂದ."

ಅವನಿಗೆ ಬೇಸರವಾಗಲಿಲ್ಲ, ಆಶ್ಚರ್ಯವೂ ಆಗಲಿಲ್ಲ. ಚಹಾದ ಕಪ್ಪು ಕೆಳಗಿಟ್ಟು ಹೇಳಿದ: "ಆಯ್ತು ಬಿಡಿ, ನಿಮಗೆ ಕಷ್ಟ ಬೇಡ. ಹಳೇದು ಕಂಪ್ಯೂಟರಿನಲ್ಲಿ ಉಂಟು. ಎರಡು ಸಲ ಗೆದ್ದವರು ಅಂತ ಇರುವಲ್ಲಿ ನಾಲ್ಕು ಸಲ ಅಂತ ಹಾಕಿದ್ರೆ ಮುಗೀತಲ್ಲ."

ಅವನು ಹೋದ ಮೇಲೂ ಶಾಲು ನನ್ನ ತೊಡೆಯ ಮೇಲೇ ಇತ್ತು. ಸೊಸೆ ಬಂದು ಏನಾಯಿತು ಎಂದು ಹಿಂದಿಯಲ್ಲಿ ಕೇಳಿದಳು. ಏನೂ ಇಲ್ಲ ಎಂದೆ. ಆಗಿದ್ದು ಒಂದು ಮಳೆಗಾಲದಲ್ಲಿ, ಹಿಂದಿನ ಚುನಾವಣೆಗೆ ಮೊದಲು. ಅದನ್ನು ಅವಳಿಗೆ ಎಲ್ಲಿಂದ ಹೇಳಲು ಶುರುಮಾಡಲಿ?

ಮುಂಬೈಯಲ್ಲಿ ನಮ್ಮವರ ಸಂಘಗಳಿಗೆ ಬರಗಾಲವಿಲ್ಲ. ಯಾವ ಭಾನುವಾರ ಯಾವ ಸಭಾಗೃಹದ ಬಾಗಿಲು ತಳ್ಳಿದರೂ ಒಳಗೆ ಒಬ್ಬರು ಪೇಟ ಸುತ್ತಿಸಿಕೊಂಡು, ಶಾಲು ಹೊದ್ದು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟುಕೊಂಡು ಬೆವರುತ್ತ ಕುಳಿತಿರುತ್ತಾರೆ. ಪಕ್ಕದಲ್ಲಿ ಇನ್ನೊಬ್ಬರು ಮೈಕಿನೆದುರು ನಿಂತು, ಚೌಕಟ್ಟು ಹಾಕಿದ ಮಾನಪತ್ರವನ್ನು ಓದುತ್ತಿರುತ್ತಾರೆ. ನಿವೃತ್ತಿಯಾದ ಮೇಲೆ ಆ ಮಾನಪತ್ರಗಳನ್ನು ಬರೆಯುವುದು ನನ್ನ ಕೆಲಸವಾಗಿಬಿಟ್ಟಿತ್ತು. ಶಾಲೆಯಲ್ಲಿ ಕನ್ನಡ ಕಲಿಯುವ ಮಕ್ಕಳು ಕಡಿಮೆಯಾಗುತ್ತ ಹೋದರು, ಕನ್ನಡದಲ್ಲಿ ಹೊಗಳಿಸಿಕೊಳ್ಳುವ ದೊಡ್ಡವರು ಹೆಚ್ಚಾಗುತ್ತ ಹೋದರು. ಹೋಟೆಲಿನವರಿಗೆ ಬರೆದೆ, ಡಾಕ್ಟರರಿಗೆ ಬರೆದೆ, ಭಾಗವತರಿಗೆ ಬರೆದೆ. ನನ್ನ ಅಕ್ಷರ ದುಂಡಗೆ, ಮಾತು ಹದವಾಗಿ ಇರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ನನಗೂ ಹಾಗೇ ಅನ್ನಿಸುತ್ತಿತ್ತು.

ಈ ಸನ್ಮಾನಗಳಲ್ಲಿ ನಮ್ಮ ಸಂಘದ್ದೇ ಒಂದು ಉಪಾಯವಿತ್ತು. ಆಗದ ಕೆಲಸವನ್ನು ಆಗಿದೆ ಎಂದು ಹೊಗಳಿಬಿಡುವುದು. ಒಮ್ಮೆ ಸಂಘದ ಕೋಣೆ ಇದ್ದ ಹಳೆಯ ವಠಾರದ, ಅಂದರೆ ಚಾಳಿನ, ಹಿಂದೆ ನೀರಿನ ನಲ್ಲಿ ಹಾಕಿಸುತ್ತೇನೆ ಎಂದು ಶಾಸಕ ವಿಠಲಣ್ಣ ಎರಡು ವರ್ಷ ಹೇಳುತ್ತಲೇ ಇದ್ದರು. ಸಂಘ ಅವರನ್ನು ಕರೆದು, ನಲ್ಲಿ ಹಾಕಿಸಿಕೊಟ್ಟ ಮಹನೀಯರೇ ಎಂದು ಮಾನಪತ್ರ ಓದಿ, ನೂರಾರು ಜನರ ಎದುರು ಚಪ್ಪಾಳೆ ಹೊಡೆಸಿತು. ಗಣೇಶ ಚತುರ್ಥಿಯ ಒಳಗೆ ನಲ್ಲಿ ಬಂತು, ನೀರೂ ಬಂತು. ಅಂದಿನಿಂದ ಸದಾನಂದನಿಗೆ ಈ ಉಪಾಯದಲ್ಲಿ ದೇವರಷ್ಟೇ ನಂಬಿಕೆ. "ಬೈದ್ರೆ ಬಾಗಿಲು ಹಾಕ್ತಾರೆ ಟೀಚರ್. ಶಾಲು ಹಾಕಿದ್ರೆ ಕೈ ಕಟ್ಟಿದ ಹಾಗೆ" ಎನ್ನುತ್ತಿದ್ದ. ನಾವೆಲ್ಲ ನಗುತ್ತಿದ್ದೆವು.

ಆ ಚಾಳು ಕುರ್ಲಾ ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿ. ನಾನು ಮದುವೆಯಾಗಿ ಉಡುಪಿಯಿಂದ ಬಂದು ಇಳಿದದ್ದು ಅಲ್ಲಿಗೇ. ಮಗ ಹುಟ್ಟಿದ್ದೂ ಅಲ್ಲೇ. ಮುಲುಂಡಿಗೆ ಹೋದ ಮೇಲೂ ಭಾನುವಾರ ಮಧ್ಯಾಹ್ನ ನಾನು ಅಲ್ಲಿಗೆ ಹೋಗುವುದನ್ನು ಬಿಟ್ಟಿರಲಿಲ್ಲ. ನೆಲಮಹಡಿಯಲ್ಲಿದ್ದ ಸಂಘದ ಕೋಣೆಯಲ್ಲಿ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದೆ. ಚಾಳಿನ ಮುಂದಿನ ಕಟ್ಟಡದಲ್ಲಿದ್ದವರು ನಮ್ಮಂಥವರು, ಬಾಡಿಗೆಯ ರಸೀದಿ ಇದ್ದವರು. ಹಿಂದೆ ಗೋಡೆಗೆ ಒತ್ತಿಕೊಂಡು ಒಂದು ಸಾಲು ಖೋಲಿಗಳು, ಒಂಟಿ ಕೋಣೆಗಳು, ಇದ್ದವು. ಅಲ್ಲಿ ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಹನ್ನೊಂದು ಕುಟುಂಬ. ಮಾಲೀಕ ಬಾಯಿಮಾತಿನಲ್ಲಿ ಇರಿ ಎಂದಿದ್ದ, ಅವರು ಇದ್ದರು. ಕಾಗದ ಯಾರಲ್ಲೂ ಇರಲಿಲ್ಲ.

ಗಂಗವ್ವ ಆ ಸಾಲಿನ ಕೊನೆಯ ಖೋಲಿಯವಳು. ಸಿಂದಗಿ ಕಡೆಯವಳು. ಇಪ್ಪತ್ತು ವರ್ಷ ತಲೆಯ ಮೇಲೆ ಕಾಂಕ್ರೀಟು ಹೊತ್ತು, ಮೊಣಕಾಲು ಸೋತ ಮೇಲೆ ಜೋಳದ ರೊಟ್ಟಿ ತಟ್ಟಿ ಕೆಲಸದ ಸೈಟುಗಳಿಗೆ ಕಳಿಸುತ್ತಿದ್ದಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ನನ್ನ ಕ್ಲಾಸಿಗೆ ಬಂದದ್ದು ಸಹಿ ಕಲಿಯಲು ಮಾತ್ರ. "ಓದೂದು ಬ್ಯಾಡ್ರಿ ಅಕ್ಕೋರ, ನನ್ನ ಹೆಸರ ಒಂದ ಬರದ್ರ ಸಾಕು" ಎಂದಿದ್ದಳು. ಮೂರು ಅಕ್ಷರಕ್ಕೆ ನಾಲ್ಕು ತಿಂಗಳು ಹಿಡಿಯಿತು. ರೊಟ್ಟಿಯ ಹಿಟ್ಟು ಹರಡಿದ ಕಲ್ಲಿನ ಮೇಲೆ ಬೆರಳಿನಿಂದ ಬರೆದು ಬರೆದು ಕಲಿತಳು. ಒಂದು ದಿನ ಬ್ಯಾಂಕಿನಲ್ಲಿ ಶಾಯಿಯ ಪ್ಯಾಡು ಮುಂದಿಟ್ಟರೆ ಅದನ್ನು ಬದಿಗೆ ಸರಿಸಿ ಪೆನ್ನು ಕೇಳಿದಳಂತೆ. ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು. ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಅಷ್ಟು ಸಂತೋಷ ಕೊಟ್ಟ ಪಾಸು ಇನ್ನೊಂದಿಲ್ಲ.

ಆ ವರ್ಷ ಮೇ ತಿಂಗಳ ಕೊನೆಗೆ ಚಾಳಿನ ಬಾಗಿಲಿಗೆ ಮುನಿಸಿಪಾಲಿಟಿಯ ನೋಟೀಸು ಅಂಟಿತು. ಕಟ್ಟಡ ಅಪಾಯಕಾರಿ, ಮಳೆ ಜೋರಾಗುವ ಮೊದಲು ಖಾಲಿ ಮಾಡಿ. ಜಾಗದಲ್ಲಿ ಬಿಲ್ಡರ್ ಟವರ್ ಕಟ್ಟುತ್ತಾನೆ, ರಸೀದಿ ಇದ್ದವರಿಗೆ ಅದರಲ್ಲಿ ಮನೆ, ಅಲ್ಲಿಯವರೆಗೆ ಮಲಾಡಿನ ಟ್ರಾನ್ಸಿಟ್ ಕ್ಯಾಂಪಿನಲ್ಲಿ ತಾತ್ಕಾಲಿಕ ಖೋಲಿ ಎಂದಾಯಿತು. ಹಿಂದಿನ ಸಾಲಿನ ಹನ್ನೊಂದು ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ವಿಠಲಣ್ಣ ಬಂದು ಅಂಗಳದಲ್ಲಿ ನಿಂತು ಕೈಮುಗಿದು, "ಹಿಂದಿನ ಸಾಲಿನವರ ಚಿಂತೆ ನನಗೆ ಬಿಡಿ" ಎಂದರು. ಮಳೆ ಮುಗಿದರೆ ಚುನಾವಣೆ. ಅವರು ಈ ಮಾತನ್ನು ಮೂರು ಚಾಳುಗಳಲ್ಲಿ ಹೇಳಿದ್ದಾರೆ ಎಂದು ನಮಗೆ ಗೊತ್ತಿತ್ತು. ಕಾಗದದ ಮೇಲೆ ಎಲ್ಲೂ ಹೇಳಿರಲಿಲ್ಲ.

ಗಂಗವ್ವ ಕ್ಲಾಸು ಮುಗಿದ ಮೇಲೆ ನನ್ನ ಬಳಿ ನಿಂತಳು. "ಅಕ್ಕೋರ, ಊರಾಗ ನನಗ ಯಾರೂ ಇಲ್ಲ. ಈ ಖೋಲಿ ಹೋದ್ರ ನಾ ಎಲ್ಲಿಗೆ ಹೋಗ್ಲಿ?"

ನಾನು ಸದಾನಂದನನ್ನು ಕರೆದೆ. ಅವನಿಗೆ ಉತ್ತರ ಹುಡುಕಬೇಕಾಗಿರಲಿಲ್ಲ. ಸನ್ಮಾನ.

ಮಾನಪತ್ರಕ್ಕೆ ಜೀವನದ ವಿವರ ಬೇಕಲ್ಲ, ಅದಕ್ಕೆ ಒಂದು ಬೆಳಿಗ್ಗೆ ವಿಠಲಣ್ಣನ ಆಫೀಸಿಗೆ ಹೋದೆ. ಸ್ಟೇಷನ್ನಿನ ಹಿಂದೆ ಎರಡು ಕೋಣೆ, ಹೊರಗೆ ಛತ್ರಿಗಳ ಸಾಲು. ಯಾರಿಗೋ ಆಸ್ಪತ್ರೆಗೆ ಚೀಟಿ, ಯಾರಿಗೋ ಶಾಲೆಯ ಸೀಟಿಗೆ ಪತ್ರ. ಅವರು ಒಂದೊಂದನ್ನೂ ಓದಿ, ಹೆಸರು ಕೇಳಿ, ಸಹಿ ಹಾಕಿ ಕೊಡುತ್ತಿದ್ದರು. ಮರಾಠಿಯವರೊಡನೆ ಮರಾಠಿ, ಯುಪಿಯವರೊಡನೆ ಹಿಂದಿ, ನನ್ನನ್ನು ಕಂಡದ್ದೇ ತುಳು.

"ಬಲೆ ಟೀಚರೆ, ಕುಲ್ಲುಲೆ" ಎಂದು ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು.

ಅವರ ಕಥೆ ನನಗೆ ಅರ್ಧ ಗೊತ್ತಿದ್ದದ್ದೇ. ಕಾರ್ಕಳದ ಕಡೆಯಿಂದ ಬಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದವರು. ಹೋಟೆಲ್ ಕಾರ್ಮಿಕರ ಜಗಳಗಳನ್ನು ಬಗೆಹರಿಸುತ್ತ ಮುಂದಾಳು ಆದರು, ಗಣೇಶ ಮಂಡಳಿಯ ಅಧ್ಯಕ್ಷರಾದರು, ಮುನಿಸಿಪಾಲಿಟಿಯ ಕಾರ್ಪೊರೇಟರ್ ಆದರು. ಮಿಠಿ ನದಿ ಉಕ್ಕಿ ಕುರ್ಲಾ ಮುಳುಗಿದ ವರ್ಷ ಎದೆಮಟ್ಟದ ನೀರಿನಲ್ಲಿ ಮುದುಕಿಯರನ್ನು ಹೊತ್ತು ತಂದದ್ದನ್ನು, ಹೋಟೆಲಿನ ದೊಡ್ಡ ಪಾತ್ರೆಗಳಲ್ಲಿ ಖಿಚಡಿ ಬೇಯಿಸಿ ಮೂರು ದಿನ ಹಂಚಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅದನ್ನು ಸುಳ್ಳು ಎನ್ನಲು ಇಂದಿಗೂ ನನ್ನ ನಾಲಿಗೆ ಏಳುವುದಿಲ್ಲ. ಮೊದಲ ವಿಧಾನಸಭಾ ಚುನಾವಣೆಗೆ ಪಕ್ಷೇತರರಾಗಿ ನಿಂತು ಠೇವಣಿ ಕಳೆದುಕೊಂಡರು. ಎರಡನೆಯದಕ್ಕೆ ಒಂದು ಪಕ್ಷದ ಟಿಕೆಟ್ ಸಿಕ್ಕಿ ಗೆದ್ದರು. ಮೂರನೆಯದಕ್ಕೆ ಪಕ್ಷ ಬದಲಿಸಿ ಗೆದ್ದರು. ಈ ಸಲ ಮತ್ತೆ ಬದಲಿಸುತ್ತಾರೆ ಎಂಬ ಸುದ್ದಿ ಇತ್ತು.

"ಪಕ್ಷ ಬದಲಿಸಿದ್ದನ್ನು ಬರೆಯಲೇ?" ಎಂದು ಕೇಳಿದೆ, ಸ್ವಲ್ಪ ಕೆಣಕಲೆಂದೇ.

"ಬರೀರಿ, ಆದ್ರೆ ನಿಮ್ಮ ಭಾಷೆಯಲ್ಲಿ ಬರೀರಿ" ಎಂದು ನಕ್ಕರು. ನಾನೂ ನಕ್ಕೆ. 'ಜನಹಿತಕ್ಕಾಗಿ ಕಾಲಕಾಲಕ್ಕೆ ದಿಟ್ಟ ನಿರ್ಧಾರ ಕೈಗೊಂಡವರು' ಎಂಬ ಸಾಲು ಅಲ್ಲಿಯೇ ಹುಟ್ಟಿತು. ಅದು ನನ್ನದೇ ಸಾಲು.

"ಮತ್ತೆ ವಿಧಾನಸಭೆಯಲ್ಲಿ? ಅಲ್ಲಿ ಯಾವ ವಿಷಯದ ಮೇಲೆ ಮಾತಾಡಿದ್ದೀರಿ?"

ಅವರು ಪೆನ್ನು ಮುಚ್ಚಿದರು. "ನಾನು ಅಲ್ಲಿಗೆ ಮಾತಾಡ್ಲಿಕ್ಕೆ ಹೋಗುದಲ್ಲ ಟೀಚರೆ. ಮಂತ್ರಿಗಳ ಸಹಿ ಹಾಕಿಸ್ಲಿಕ್ಕೆ ಹೋಗುದು. ಮಾತು ಅಂದ್ರೆ ಗಾಳಿ, ಅದನ್ನು ಯಾರೂ ಹಿಡಿಯುದಿಲ್ಲ. ಸಹಿ ಬಿದ್ರೆ ಬಿತ್ತು."

ಪ್ರಾಮಾಣಿಕ ಮನುಷ್ಯ ಎಂದುಕೊಂಡು ಲೋಕಲ್ ಟ್ರೇನು ಹತ್ತಿದೆ. ಆ ಮಾತನ್ನು ಆಗಲೇ ಕಿವಿಗೆ ಹಾಕಿಕೊಳ್ಳಬೇಕಿತ್ತು.

ಎರಡು ದಿನ ಕುಳಿತು ಬರೆದೆ. 'ಚಾಳಿನ ಹಿಂದಿನ ಸಾಲಿನ ಹನ್ನೊಂದು ಶ್ರಮಿಕ ಕುಟುಂಬಗಳಿಗೆ ಹೊಸ ಸೂರು ದೊರಕಿಸಿಕೊಟ್ಟು ಅವರ ಬಾಳಿಗೆ ಆಸರೆಯಾದ ಜನನಾಯಕರೇ' ಎಂಬ ಸಾಲನ್ನು ನಡುವೆ, ದಪ್ಪ ಅಕ್ಷರದಲ್ಲಿ ಇಟ್ಟೆ. ಸದಾನಂದ ಓದಿ ಕುಣಿದಾಡಿದ. ಕೆಳಗೆ ಆ ಹನ್ನೊಂದು ಮನೆಯವರ ಸಹಿ ಹಾಕಿಸೋಣ, ಹಾಗಾದರೆ ಕಟ್ಟು ಮತ್ತೂ ಬಿಗಿಯಾಗುತ್ತದೆ ಎಂದ. ಅವನ ಮಾತಿಗೆ ನಾನು ಕೂಡಲೇ ಒಪ್ಪಿದೆ. ಅದರ ಹಿಂದೆ ನನ್ನದೂ ಒಂದು ಜಂಭ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಅವರಲ್ಲಿ ಆರು ಮಂದಿ ನನ್ನ ಕ್ಲಾಸಿನ ಹೆಂಗಸರು. ಅವರ ಕೈಬರಹ ಶಾಸಕರ ಆಫೀಸಿನ ಗೋಡೆ ಏರುತ್ತದೆ ಎಂಬ ಆಸೆ.

ಜುಲೈ ತಿಂಗಳ ಒಂದು ಭಾನುವಾರ. ಬೆಳಗಿನಿಂದ ಮಳೆ ನಿಂತಿರಲಿಲ್ಲ, ಸಂಘದ ಕೋಣೆಯ ಹೊಸ್ತಿಲವರೆಗೆ ನೀರು ಬಂದಿತ್ತು. ಕೇರಂ ಬೋರ್ಡಿನ ಮೇಲೆ ಮಾನಪತ್ರ ಹರಡಿ, ನೀರು ತಾಗದಂತೆ ಸುತ್ತ ಟವೆಲ್ ಇಟ್ಟು, ಒಬ್ಬೊಬ್ಬರನ್ನೇ ಕರೆದೆ. ಗಂಗವ್ವ ಸೆರಗಿನಿಂದ ಕೈ ಒರೆಸಿಕೊಂಡು ಬಂದಳು. ಪೆನ್ನು ಹಿಡಿಯುವ ಮೊದಲು ಕೇಳಿದಳು.

"ಏನ ಬರದೀರಿ ಅಕ್ಕೋರ?"

ಓದಿ ಹೇಳಿದೆ.

"ಮನಿ ಇನ್ನಾ ಸಿಕ್ಕಿಲ್ಲಲ್ರಿ. ಸಿಕ್ಕೈತಿ ಅಂತ ಹ್ಯಾಂಗ ಬರದ್ರಿ?"

"ಇದು ನಮ್ಮ ಪದ್ಧತಿ ಗಂಗವ್ವ. ನಲ್ಲಿ ಬಂದದ್ದು ಹೀಗೇ ಅಲ್ಲವಾ? ನಾಲ್ಕು ಜನರ ಎದುರು ಹೀಗೆ ಹೇಳಿಬಿಟ್ಟರೆ ಅವರು ಮಾಡಲೇಬೇಕು."

"ನೀವು ಅಂದ್ರ ಆತ್ರಿ" ಎಂದಳು. ನಾಲಿಗೆ ಹಲ್ಲಿನ ನಡುವೆ ಕಚ್ಚಿ ಹಿಡಿದು, ಮೂರು ಅಕ್ಷರ ಬರೆದಳು. ಹನ್ನೊಂದರಲ್ಲಿ ಅತಿ ಚೆಂದದ ಸಹಿ ಅವಳದೇ.

ಸನ್ಮಾನದ ದಿನ ಹಳಿಗಳ ಮೇಲೆ ನೀರು ನಿಂತು ಟ್ರೇನುಗಳು ತಡವಾದವು, ಸಭಾಗೃಹ ಅರ್ಧ ತುಂಬಿತು. ಚಾಳಿನ ಹಿಂದಿನ ಸಾಲಿನವರು ಮಾತ್ರ ಒಬ್ಬರೂ ತಪ್ಪದೆ ಬಂದು, ಒದ್ದೆ ಬಟ್ಟೆಯಲ್ಲಿ ಎದುರಿನ ಕುರ್ಚಿಗಳಲ್ಲಿ ಕುಳಿತಿದ್ದರು. ನಾನೇ ಮಾನಪತ್ರ ಓದಿದೆ. ಹನ್ನೊಂದು ಕುಟುಂಬಗಳ ಸಾಲು ಬಂದಾಗ ದನಿ ಎತ್ತರಿಸಿ, ತುಸು ನಿಲ್ಲಿಸಿ ಓದಿದೆ. ಚಪ್ಪಾಳೆ ಬಿತ್ತು. ವಿಠಲಣ್ಣ ತಲೆ ಎತ್ತಿ ನನ್ನನ್ನು ನೋಡಿದರು. ಅವರಿಗೆ ಉಪಾಯ ಅರ್ಥವಾಗಿದೆ ಎಂದು ನನಗೆ ತಿಳಿಯಿತು, ಅವರು ನಕ್ಕರು ಕೂಡ. ಸಿಕ್ಕಿಬಿದ್ದವರ ನಗು ಎಂದು ನಾನು ಭಾವಿಸಿದೆ. ಭಾಷಣದ ಕೊನೆಗೆ ಅವರು, "ಈ ಮಾನಪತ್ರ ಬರೆದ ಟೀಚರಿಗೆ ಸನ್ಮಾನ ಆಗದೆ ನಾನು ಇಲ್ಲಿಂದ ಇಳಿಯುದಿಲ್ಲ" ಎಂದು ತಮಗೆ ಬಂದಿದ್ದ ಶಾಲುಗಳಲ್ಲಿ ಒಂದನ್ನು ನನ್ನ ಹೆಗಲಿಗೆ ಹೊದಿಸಿದರು. ಗಂಗವ್ವ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಅವರ ಪಿಎ ಮಾನಪತ್ರವನ್ನು ಗೋಡೆಗೆ ಒರಗಿಸಿ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದ, ಹತ್ತಿರದಿಂದ, ಸಹಿಗಳ ಭಾಗವನ್ನು ಬೇರೆಯಾಗಿ. ಫೇಸ್‌ಬುಕ್ಕಿಗೆ ಇರಬೇಕು ಎಂದುಕೊಂಡೆ.

ಆಗಸ್ಟಿನಲ್ಲಿ ಚಾಳು ಖಾಲಿಯಾಯಿತು. ಮುಂದಿನ ಕಟ್ಟಡದವರ ಸಾಮಾನು ಟೆಂಪೋಗಳಲ್ಲಿ ಮಲಾಡಿಗೆ ಹೋಯಿತು. ಹಿಂದಿನ ಸಾಲಿನವರಿಂದ ವಿಠಲಣ್ಣನ ಕಡೆಯವರು ಮನೆಗಾಗಿ ಅರ್ಜಿ ಬರೆಸಿಕೊಂಡು, ಚುನಾವಣೆ ಮುಗಿಯಲಿ, ಸರ್ವೇ ಮಾಡಿಸಿ ಹೆಸರು ಸೇರಿಸುತ್ತೇವೆ ಎಂದು ಹೇಳಿದರು. ಅವರು ಸುತ್ತಮುತ್ತ ಪರಿಚಯದವರಲ್ಲಿ, ಕಟ್ಟಡದ ಸೈಟುಗಳಲ್ಲಿ, ಒಬ್ಬಿಬ್ಬರು ಫ್ಲೈಓವರಿನ ಕೆಳಗೆ ಹಂಚಿಹೋದರು. ಯಾರೂ ಗಲಾಟೆ ಮಾಡಲಿಲ್ಲ. ಮಾನಪತ್ರ ಇದೆಯಲ್ಲ ಎಂಬ ಧೈರ್ಯ. ಆ ಧೈರ್ಯ ತುಂಬಿದವಳೂ ನಾನೇ.

ವಿಠಲಣ್ಣ ಮೂರನೆಯ ಪಕ್ಷದಿಂದ ನಿಂತರು. ಹಿಂದಿನ ಸಾಲಿನವರು ಪ್ರಚಾರಕ್ಕೆ ಹೋದರು, ಗಂಗವ್ವ ಸೋತ ಮೊಣಕಾಲಿನಲ್ಲೇ ಕೈಯಲ್ಲಿ ಬಾವುಟ ಹಿಡಿದು ಗಲ್ಲಿ ಗಲ್ಲಿ ಸುತ್ತಿದಳು. ಎಣಿಕೆಯ ದಿನ ಸಂಜೆಯವರೆಗೂ ಏರುಪೇರಾಗಿ, ಕಡೆಗೆ ಕೂದಲೆಳೆಯ ಅಂತರದಲ್ಲಿ ಗೆದ್ದರು. ಸ್ಟೇಷನ್ ರೋಡೆಲ್ಲ ಗುಲಾಲು. ಗಂಗವ್ವ ನನಗೆ ಫೋನು ಮಾಡಿ, "ಗೆದ್ದೀವ್ರಿ ಅಕ್ಕೋರ!" ಎಂದು ಕೂಗಿದಳು. ಆ ಕೂಗು ನನಗೆ ಈಗಲೂ ಕೇಳುತ್ತದೆ.

ಟವರಿನಲ್ಲಿ ಮನೆ ಯಾರಿಗೆ ಎಂಬ ಪಟ್ಟಿ ಬಂದದ್ದು ಚಳಿ ಶುರುವಾದ ಮೇಲೆ. ಹಿಂದಿನ ಸಾಲಿನ ಹನ್ನೊಂದೂ ಹೆಸರಿನ ಮುಂದೆ 'ಅಪಾತ್ರ' ಎಂದಿತ್ತು, ಅನರ್ಹರು. ಏನೋ ತಪ್ಪಾಗಿದೆ ಎಂದುಕೊಂಡು ಗಂಗವ್ವನನ್ನು ಕರೆದುಕೊಂಡು ಸರಕಾರಿ ಕಚೇರಿಗೆ ಹೋದೆ. ಮೇಜಿನ ಹಿಂದೆ ಕುಳಿತಿದ್ದ ಅಧಿಕಾರಿ ಮರ್ಯಾದಸ್ಥ. ಕುಳಿತುಕೊಳ್ಳಿ ಎಂದು ಹೇಳಿ ಫೈಲು ತರಿಸಿದರು. ಅದರಲ್ಲಿ ಶಾಸಕರ ಪತ್ರವಿತ್ತು. ಈ ಹನ್ನೊಂದು ಕುಟುಂಬಗಳಿಗೆ ನನ್ನ ಪ್ರಯತ್ನದಿಂದ ಈಗಾಗಲೇ ಬೇರೆಡೆ ವಸತಿ ದೊರೆತಿದೆ, ಆದ್ದರಿಂದ ಇವರ ಅರ್ಜಿಯನ್ನು ಮುಕ್ತಾಯಗೊಳಿಸಬಹುದು ಎಂದು. ಅದರ ಹಿಂದೆ ನನ್ನ ಮಾನಪತ್ರದ ಫೋಟೋ, ಜೊತೆಗೆ ಮರಾಠಿ ಅನುವಾದ.

ಹನ್ನೊಂದು ಮಂದಿಯನ್ನು ಸೇರಿಸಬೇಕೆಂದರೆ ಬಿಲ್ಡರ್ ಹನ್ನೊಂದು ಮನೆ ಬಿಟ್ಟುಕೊಡಬೇಕಿತ್ತು. ಅವನು ಒಪ್ಪಿರಲಿಕ್ಕಿಲ್ಲ. ವಿಠಲಣ್ಣನಿಗೆ ಇಬ್ಬರಲ್ಲಿ ಒಬ್ಬರನ್ನು ಬಿಡಬೇಕಾಗಿತ್ತು, ಬಿಡುವುದಕ್ಕೆ ಬೇಕಾದ ಕಾಗದವನ್ನು ನಾವೇ ಚೌಕಟ್ಟು ಹಾಕಿಸಿ ಕೊಟ್ಟಿದ್ದೆವು.

ಗಂಗವ್ವನಿಗೆ ಇದು ಯಾವುದೂ ತಿಳಿದಿರಲಿಲ್ಲ. ಅಧಿಕಾರಿ ಫೋಟೋವನ್ನು ಅವಳ ಕಡೆ ತಿರುಗಿಸಿ, ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು. "ಹೀ ಸಹೀ ತುಮಚೀ ಕಾ?" ಇದು ನಿಮ್ಮ ಸಹಿಯೇ ಎಂದು.

ಅವಳು ಬಗ್ಗಿ ನೋಡಿದಳು. ಮುಖ ಅರಳಿತು. "ಹೋ ಸಾಹೇಬ, ಮಾಝೀಚ್!" ಎಂದಳು. ನನ್ನ ಕಡೆ ತಿರುಗಿ, "ನೋಡ್ರಿ ಅಕ್ಕೋರ, ನಂದ ಸಹಿ! ಎಷ್ಟ ನೆಟ್ಟಗ ಬಂದೈತಿ" ಎಂದಳು.

ಇದು ಸುಳ್ಳು, ಇವರಿಗೆ ಯಾವ ಮನೆಯೂ ಸಿಕ್ಕಿಲ್ಲ, ಇದು ನಮ್ಮ ಸಂಘದ ಒಂದು ಪದ್ಧತಿ, ಸುಮ್ಮನೆ ಹೊಗಳಿ ಬರೆದದ್ದು ಎಂದು ನನಗೆ ಬಂದ ಮರಾಠಿಯಲ್ಲಿ ಹೇಳಿದೆ. ಬರೆದವರು ಯಾರು ಎಂದು ಅವರು ಕೇಳಿದರು. ನಾನೇ ಎಂದೆ. ನಿವೃತ್ತ ಶಿಕ್ಷಕಿ ಎಂದೂ ಹೇಳಿದೆ, ಅದರಿಂದ ಅನುಕೂಲವಾದೀತೆಂದು. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

ಆಗ ಸುಳ್ಳು ಬರೆದೆ ಎನ್ನುತ್ತೀರಿ, ಈಗ ಹೇಳುವುದು ನಿಜ ಎಂದು ನಾನು ಹೇಗೆ ನಂಬಲಿ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹೆಬ್ಬೆಟ್ಟು ಇದ್ದಿದ್ದರೆ ಬೇರೆ ಮಾತು, ಓದಲು ಬಾರದವರಿಂದ ಯಾರೋ ಒತ್ತಿಸಿಕೊಂಡರು ಎಂದಾದರೂ ಬರೆಯುತ್ತಿದ್ದೆ. ಇದು ಸಹಿ ಮೇಡಂ, ತಿಳಿದು ಹಾಕಿದ್ದು ಎಂದು ಫೈಲು ಮುಚ್ಚಿದರು.

ಗಂಗವ್ವನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಅವರು ಹೇಳಿದ ಕೊನೆಯ ಮಾತು ಅವಳಿಗೆ ಪೂರ್ತಿ ಅರ್ಥವಾಯಿತು.

ಅಲ್ಲಿಂದ ನೇರ ವಿಠಲಣ್ಣನ ಆಫೀಸಿಗೆ ಹೋದೆವು. ಮಾನಪತ್ರ ಗೋಡೆಯ ಮೇಲಿತ್ತು, ಸೀರಿಯಲ್ ಲೈಟಿನ ಅಲಂಕಾರದೊಂದಿಗೆ. ನಾನು ಜೀವನದಲ್ಲಿ ಮೊದಲ ಬಾರಿ ಒಬ್ಬ ದೊಡ್ಡ ಮನುಷ್ಯನ ಎದುರು ದನಿ ಏರಿಸಿದೆ. ಅವರು ಕೊನೆಯವರೆಗೂ ಕೇಳಿ, ಹೊರಗಿನವರಿಗೆ ಕೇಳಿಸದಂತೆ ಬಾಗಿಲು ಹಾಕಿಸಿದರು.

"ಟೀಚರೆ, ನಾನು ಬರೀರಿ ಅಂತ ಹೇಳಿದ್ದೇನಾ? ನೀವೇ ಬರೆದ್ರಿ, ನೀವೇ ಸಹಿ ಹಾಕಿಸಿದ್ರಿ, ನೀವೇ ಮೈಕಿನಲ್ಲಿ ಓದಿದ್ರಿ. ನನ್ನನ್ನು ಕಟ್ಟಿ ಹಾಕ್ಲಿಕ್ಕೆ ನೋಡಿದ್ರಿ. ಹೌದಾ ಅಲ್ಲವಾ?"

ನಾನು ಗೋಡೆಯ ಮೇಲಿದ್ದ ಆ ದಪ್ಪ ಅಕ್ಷರದ ಸಾಲನ್ನು ನೋಡಿದೆ.

"ಮುಂದೆ ನೋಡುವ. ಏನಾದ್ರೂ ಯೋಜನೆ ಬಂದ್ರೆ ಮೊದಲು ಇವರದ್ದೇ" ಎಂದು ಗಂಗವ್ವನಿಗೆ ಕೈಮುಗಿದರು. ಚಹಾ ತರಿಸಿದರು. ಗಂಗವ್ವ ಕುಡಿಯಲಿಲ್ಲ, ನಾನು ಕುಡಿದೆ. ಯಾಕೆ ಕುಡಿದೆ ಎಂದು ನನಗೆ ಗೊತ್ತಿಲ್ಲ. ಎದುರಿಗಿಟ್ಟದ್ದನ್ನು ಬಿಡಬಾರದು ಎಂಬ ಅಭ್ಯಾಸ ಇರಬೇಕು.

ಆಮೇಲೆ ನಾನು ಸುಮ್ಮನೆ ಕೂರಲಿಲ್ಲ. ಮಾನಪತ್ರದಲ್ಲಿ ಬರೆದದ್ದು ಸುಳ್ಳು ಎಂದು ನನ್ನ ಹೆಸರು ಹಾಕಿ ಅರ್ಜಿ ಕೊಟ್ಟೆ. ಮೂರು ಕಚೇರಿಗಳ ಮುದ್ರೆ ಬಿದ್ದ ಪ್ರತಿಗಳು ನನ್ನಲ್ಲಿವೆ, ಒಂದಕ್ಕೂ ಉತ್ತರ ಬಂದಿಲ್ಲ. ಸಂಘದಲ್ಲಿ ಮಾತೆತ್ತಿದೆ. ಆದದ್ದಾಯಿತು, ಶಾಸಕರನ್ನು ಎದುರು ಹಾಕಿಕೊಂಡರೆ ಸಭಾಗೃಹ ಸಿಗುವುದಿಲ್ಲ ಎಂದರು. ಗಂಗವ್ವನನ್ನು ನಮ್ಮ ಮನೆಗೆ ಬಾ ಎಂದು ಕರೆದೆ. ಅವಳು ಬರುವುದಿಲ್ಲ ಎಂದು ಗೊತ್ತಿದ್ದೇ ಕರೆದೆನೇನೋ. ಲಾಕ್‌ಡೌನಿನಲ್ಲಿ ಹನ್ನೊಂದರಲ್ಲಿ ನಾಲ್ಕು ಕುಟುಂಬ ಊರಿಗೆ ನಡೆದು ಹೋದವು, ತಿರುಗಿ ಬರಲಿಲ್ಲ. ಚಾಳಿದ್ದ ಜಾಗದಲ್ಲಿ ಟವರ್ ಅರ್ಧಕ್ಕೆ ನಿಂತಿದೆ, ಕಂಬಿಗಳು ತುಕ್ಕು ಹಿಡಿದಿವೆ. ರಸೀದಿ ಇದ್ದವರೂ ಇನ್ನೂ ಮಲಾಡಿನ ತಾತ್ಕಾಲಿಕ ಖೋಲಿಗಳಲ್ಲೇ ಇದ್ದಾರೆ. ಗಂಗವ್ವ ಕುರ್ಲಾದಲ್ಲೇ ಕೊಳಚೆ ನಾಲೆಯ ಬದಿಗೆ ತಗಡು ಹಾಕಿಕೊಂಡಳು. ನನ್ನ ಕ್ಲಾಸು ಆ ಮಳೆಗಾಲಕ್ಕೇ ಮುಗಿಯಿತು.

ಕಳೆದ ಭಾನುವಾರ ಸನ್ಮಾನಕ್ಕೆ ಹೋಗಬಾರದು ಎಂದುಕೊಂಡಿದ್ದೆ, ಆದರೆ ಕಾಲು ಕೇಳಲಿಲ್ಲ. ಕೊನೆಯ ಸಾಲಿನಲ್ಲಿ ಕುಳಿತೆ. ಮಾನಪತ್ರ ಓದಿದ್ದು ಸದಾನಂದನ ಮಗಳು. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ತಡವರಿಸುತ್ತ ಓದುತ್ತಿದ್ದಳು. 'ನಾಲ್ಕು ಬಾರಿ ವಿಜಯಿಯಾದವರೇ' ಎಂದಳು. ಜನಹಿತಕ್ಕಾಗಿ ದಿಟ್ಟ ನಿರ್ಧಾರ ಕೈಗೊಂಡವರೇ ಎಂದಳು. ಈ ಸಲ ಅವರದು ನಾಲ್ಕನೆಯ ಪಕ್ಷ. ನಾನು ತಲೆ ತಗ್ಗಿಸಿ ಕಾಯುತ್ತಿದ್ದೆ. ಹನ್ನೊಂದು ಶ್ರಮಿಕ ಕುಟುಂಬಗಳಿಗೆ ಸೂರು ದೊರಕಿಸಿಕೊಟ್ಟವರೇ ಎಂಬ ಸಾಲೂ ಬಂತು, ಒಂದಕ್ಷರ ಬಿಡದೆ. ಚಪ್ಪಾಳೆಯೂ 'ಭಲೆ ಭಲೆ'ಯೂ ಬಂದವು. ನಾನು ಎದ್ದು ಹೊರಗೆ ಬಂದೆ.

ಅಲ್ಲಿಂದ ನಾಲೆಯ ಬದಿಗೆ ನಡೆದೆ. ಗಂಗವ್ವ ಹೊರಗೆ ಕುಳಿತು ರೊಟ್ಟಿ ತಟ್ಟುತ್ತಿದ್ದಳು. ನನ್ನನ್ನು ಕಂಡು ಎದ್ದು, ಮಣೆ ಕೊಟ್ಟಳು. ಅವಳು ನನ್ನನ್ನು ಒಂದು ದಿನವೂ ಬೈದಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಸನ್ಮಾನದಲ್ಲಿ ಏನು ಓದಿದರು ಎಂದು ಕೇಳಿದಳು. ಅದೇ ಹಳೆಯದು ಎಂದೆ.

"ಹಂಗಾರ ಕಾಗದದಾಗ ನಮ್ಮ ಮನಿ ಇನ್ನಾ ಐತಿ ಅನ್ರಿ" ಎಂದು ರೊಟ್ಟಿ ಮಗುಚಿ ಹಾಕಿದಳು.

ಆಮೇಲೆ ಒಳಗಿನಿಂದ ಒಂದು ಫಾರ್ಮು ತಂದಳು. ನಾಲೆಯ ಬದಿಯ ಜೋಪಡಿಗಳಿಗೆ ಹೊಸ ಸರ್ವೇ ಬಂದಿದೆಯಂತೆ, ನಾಳೆ ಕೊಡಬೇಕಂತೆ. "ಪೂರಾ ಓದ್ರಿ ಅಕ್ಕೋರ, ಒಂದೂ ಬಿಡಬ್ಯಾಡ್ರಿ" ಎಂದಳು. ಮರಾಠಿಯ ಒಂದೊಂದು ಸಾಲನ್ನೂ ಓದಿ, ಕನ್ನಡದಲ್ಲಿ ಹೇಳಿದೆ. ಅದರಲ್ಲಿ ಸುಳ್ಳು ಏನೂ ಇರಲಿಲ್ಲ. ನನಗೆ ಎಲ್ಲಿಯೂ ಸ್ವಂತ ಮನೆ ಇಲ್ಲ ಎಂದಷ್ಟೇ ಇತ್ತು. ಚೀಲದಿಂದ ಪೆನ್ನು ತೆಗೆದು ಅವಳ ಮುಂದೆ ಹಿಡಿದೆ.

ಅವಳು ಪೆನ್ನು ಮುಟ್ಟಲಿಲ್ಲ. ಡಬ್ಬಿಗಳ ಹಿಂದಿನಿಂದ ಒಂದು ಹಳೆಯ ಶಾಯಿಯ ಪ್ಯಾಡು ತೆಗೆದು, ಮುಚ್ಚಳ ಬಿಚ್ಚಿದಳು.

"ಸಹಿ ಮಾಡು ಗಂಗವ್ವ. ನಿನಗೆ ಬರುತ್ತದಲ್ಲ."

"ಬ್ಯಾಡ್ರಿ ಅಕ್ಕೋರ" ಎಂದಳು, ನನ್ನನ್ನೇ ಸಮಾಧಾನ ಮಾಡುವವಳ ಹಾಗೆ. "ಸಹಿ ಮಾಡಿದ್ರ ತಿಳದ ಮಾಡ್ಯಾಳ ಅಂತಾರ. ಹೆಬ್ಬಟ್ಟ ಒತ್ತಿದ್ರ, ಪಾಪ ಅಕಿಗಿ ಏನ ಗೊತ್ತ ಅಂತಾರ."

ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೆಬ್ಬೆರಳನ್ನು ಶಾಯಿಗೆ ಅದ್ದಿದಳು. ಎಲ್ಲಿ ಒತ್ತಬೇಕು ಎಂದು ಕೇಳಿದಳು. ನಾನು ಜಾಗ ತೋರಿಸಿ, ಕಾಗದ ಅಲುಗದಂತೆ ಹಿಡಿದುಕೊಂಡೆ.